ಕೋಣೆಯ ಅಳತೆಯ ಬಿಯರ್

ಮನೆಯಲ್ಲೇ ಬಿಯರ್ ಮಾಡಿಕೊಳ್ಳುವುದು ಬ್ರಿಟನ್ನಿನಲ್ಲೂ ಅಮೆರಿಕದಲ್ಲೂ ಕಾನೂನು ಒಪ್ಪಿರುವ ಹವ್ಯಾಸ. ಆದರೆ ಆ ಒಪ್ಪಿಗೆ ಬಂದು ಬಹಳ ಕಾಲವಾಗಿಲ್ಲ. ಬ್ರಿಟನ್ನಿನಲ್ಲಿ 1880ರಿಂದ ಮನೆಯ ಬಿಯರಿಗೂ ಲೈಸೆನ್ಸ್ ಬೇಕಿತ್ತು. 1963ರಲ್ಲಿ ಅಲ್ಲಿನ ಹಣಕಾಸು ಸಚಿವ ರೆಜಿನಾಲ್ಡ್ ಮೌಡ್ಲಿಂಗ್ ಅದನ್ನು ತೆಗೆದುಹಾಕಿದರು. ಅಮೆರಿಕದಲ್ಲಿ 1933ರಲ್ಲಿ ಪಾನನಿಷೇಧ ಮುಗಿದ ಮೇಲೆ ಮನೆಯ ವೈನಿಗೆ ಅವಕಾಶವಾಯಿತು, ಬಿಯರಿಗೆ ಆಗಲಿಲ್ಲ. 1978ರ ಅಕ್ಟೋಬರ್ 14ರಂದು ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಮಸೂದೆಯಿಂದ ಆ ಕೊರತೆ ನೀಗಿತು. ವಯಸ್ಕರೊಬ್ಬರೇ ಇರುವ ಮನೆಯಲ್ಲಿ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ವಯಸ್ಕರಿರುವ ಮನೆಯಲ್ಲಿ 200 ಗ್ಯಾಲನ್ ಬಿಯರನ್ನು ತೆರಿಗೆಯಿಲ್ಲದೆ ಮಾಡಿಕೊಳ್ಳಬಹುದು, ಮಾರುವಂತಿಲ್ಲ. ರಾಜ್ಯಗಳು ಒಂದೊಂದಾಗಿ ಒಪ್ಪುತ್ತ ಬಂದು, ಕೊನೆಗೆ ಮಿಸಿಸಿಪಿ ಮತ್ತು ಅಲಬಾಮ ಒಪ್ಪಿದ್ದು 2013ರಲ್ಲಿ. ನಮ್ಮಲ್ಲಿ ಕಥೆಯೇ ಬೇರೆ. ಕರ್ನಾಟಕದ 1965ರ ಅಬಕಾರಿ ಕಾಯಿದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಹಾಗಾಗಿ ನನ್ನ ಮಾತು ಇಲ್ಲಿನ ಅಡುಗೆಮನೆಗಳಿಗಲ್ಲ. ನ್ಯೂಯಾರ್ಕಿನಲ್ಲೋ ಲಂಡನ್ನಿನಲ್ಲೋ ಒಂದು ಕೋಣೆಯ ಬಾಡಿಗೆ ಮನೆಯಲ್ಲಿದ್ದು ಈ ಹವ್ಯಾಸಕ್ಕೆ ಕೈಹಾಕಿರುವ ಕನ್ನಡಿಗರಿಗೆ, ಮತ್ತು ಬೆಂಗಳೂರಿನ ಬ್ರೂ ಪಬ್‌ಗಳ ಗಾಜಿನಾಚೆ ಹೊಳೆಯುವ ಸ್ಟೀಲ್ ಟ್ಯಾಂಕುಗಳನ್ನು ನೋಡಿ ಒಳಗೇನು ನಡೆಯುತ್ತದೆ ಎಂದು ಯೋಚಿಸಿರುವವರಿಗೆ.

ಚಿಕ್ಕ ಮನೆಯವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: ಇಷ್ಟೆಲ್ಲ ಸಾಮಾನನ್ನು ಎಲ್ಲಿಡುವುದು? ಅದಕ್ಕೆ ಸಿಗುವ ಉತ್ತರಗಳೂ ಸಾಮಾನಿನ ಸುತ್ತಲೇ ಸುತ್ತುತ್ತವೆ. ಮಂಚದ ಕೆಳಗಿಡಿ, ಬಟ್ಟೆಯ ಕಪಾಟಿನಲ್ಲಿಡಿ, ಸ್ನಾನದ ತೊಟ್ಟಿಯಲ್ಲಿಡಿ ಎನ್ನುತ್ತಾರೆ. ನನ್ನ ವಾದವೆಂದರೆ, ಪ್ರಶ್ನೆಯನ್ನು ಕೇಳಿದ ರೀತಿಯಲ್ಲೇ ಎಡವಟ್ಟಿದೆ. ಬಿಯರಿನ ಮೊತ್ತ ಇಷ್ಟೇ ಎಂದು ಮೊದಲೇ ಒಪ್ಪಿಕೊಂಡು, ಆಮೇಲೆ ಮನೆಯನ್ನು ಅದಕ್ಕೆ ಬಗ್ಗಿಸಲು ಹೊರಡುತ್ತೇವೆ. ಬಗ್ಗಬೇಕಾದದ್ದು ಬಿಯರು. ಅಮೆರಿಕದ ಪುಸ್ತಕಗಳಲ್ಲಿ ಬಹುಪಾಲು ಪಾಕವಿಧಾನಗಳು ಐದು ಗ್ಯಾಲನ್ನಿಗೆ, ಅಂದರೆ ಸುಮಾರು 19 ಲೀಟರಿಗೆ ಲೆಕ್ಕ ಹಾಕಿರುತ್ತವೆ. ಈ ಅಳತೆಯಲ್ಲಿ ಬಿಯರಿಗೆ ಸಂಬಂಧಪಟ್ಟ ತತ್ವವೇನೂ ಇಲ್ಲ. ಕುಡಿಯುವ ನೀರಿನ ದೊಡ್ಡ ಗಾಜಿನ ಬುರುಡೆ ಐದು ಗ್ಯಾಲನ್ನಿನದು, ಅದು ಹುದುಗು ಬರಿಸಲು ಸುಲಭವಾಗಿ ಸಿಕ್ಕಿತು. ಬಿಯರನ್ನು ತುಂಬಿಟ್ಟು ನಲ್ಲಿಯಿಂದ ಬಡಿಸುವ ಉಕ್ಕಿನ ಪೀಪಾಯಿ, ಅಂದರೆ ಕೆಗ್, ಬಂದದ್ದು ತಂಪುಪಾನೀಯದ ಉದ್ಯಮದಿಂದ. ಸೋಡಾ ಕಂಪನಿಗಳು ಸಿರಪ್ಪನ್ನು ಉಕ್ಕಿನ ಕೆಗ್‌ಗಳಲ್ಲಿ ಕಳಿಸುವುದನ್ನು ಬಿಟ್ಟು ಡಬ್ಬದೊಳಗಿನ ಪ್ಲಾಸ್ಟಿಕ್ ಚೀಲಗಳಿಗೆ ಬದಲಾದಾಗ, ಹಳೆಯ ಐದು ಗ್ಯಾಲನ್ನಿನ ಕಾರ್ನೀಲಿಯಸ್ ಕೆಗ್‌ಗಳು ರಾಶಿರಾಶಿಯಾಗಿ ಅಗ್ಗಕ್ಕೆ ಬಿಕರಿಯಾದವು. ಮನೆ ಬಿಯರಿನವರು ಅವನ್ನು ಎತ್ತಿಕೊಂಡರು. ಗ್ಯಾರೇಜು, ನೆಲಮಾಳಿಗೆ, ಹಿತ್ತಿಲು ಇರುವ ಮನೆಗೆ ಅದು ಸರಿಹೋಯಿತು. ಹತ್ತಡಿ ಹನ್ನೆರಡಡಿಯ ಕೋಣೆಯಲ್ಲಿರುವವರು ಆ ಅಳತೆಯನ್ನು ಶಾಸ್ತ್ರವೆಂದು ನಂಬಬೇಕಾಗಿಲ್ಲ. ಒಂದು ಗ್ಯಾಲನ್, ಎಂದರೆ 3.8 ಲೀಟರ್, ಅಂಥ ಕೋಣೆಯ ನಿಜವಾದ ಅಳತೆ. 2009ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾದ ಬ್ರೂಕ್ಲಿನ್ ಬ್ರೂ ಶಾಪ್ ಒಂದು ಗ್ಯಾಲನ್ನಿನ ಕಿಟ್‌ಗಳನ್ನೇ ಮಾರುತ್ತ ಹೆಸರು ಮಾಡಿತು. ವ್ಯಾಪಾರಿಗಳು ನಮಗಿಂತ ಮೊದಲೇ ಮನೆಯ ಉದ್ದಗಲ ಅಳೆದಿದ್ದರು.

ಒಲೆಯಿಂದ ಶುರುಮಾಡೋಣ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಅದೇ ಮಾಲ್ಟು, ಅದನ್ನು ಒಡೆದು 65ರಿಂದ 68 ಡಿಗ್ರಿ ಸೆಲ್ಸಿಯಸ್ಸಿನ ನೀರಿನಲ್ಲಿ ಒಂದು ಗಂಟೆ ನೆನೆಸಿದರೆ ಅದರ ಪಿಷ್ಟ ಸಕ್ಕರೆಯಾಗುತ್ತದೆ. ಆ ಸಿಹಿನೀರಿಗೆ ವರ್ಟ್ ಎಂದು ಹೆಸರು. ಅದನ್ನು ಕಹಿಯನ್ನೂ ಪರಿಮಳವನ್ನೂ ಕೊಡುವ ಹಾಪ್ಸ್ ಹಾಕಿ ಇನ್ನೊಂದು ಗಂಟೆ ಕುದಿಸಬೇಕು. 19 ಲೀಟರ್ ಬಿಯರಿಗೆ ಸುಮಾರು 25 ಲೀಟರ್ ನೀರು ಕುದಿಯಬೇಕಾಗುತ್ತದೆ. ಪಾತ್ರೆಗೆ ನಿಜವಾಗಿ ತಲುಪುವ ಶಾಖ ಒಂದು ಕಿಲೋವಾಟ್ ಎಂದಿಟ್ಟುಕೊಂಡರೆ, ಅಷ್ಟು ನೀರು 20 ಡಿಗ್ರಿಯಿಂದ ಕುದಿಗೆ ಬರಲು ಎರಡು ಗಂಟೆ ಇಪ್ಪತ್ತು ನಿಮಿಷ ಬೇಕು. ಆರು ಲೀಟರಾದರೆ ಅರ್ಧ ಗಂಟೆಯ ಕೆಲಸ. ಮುಚ್ಚಳ ಹಾಕದೆ ಕುದಿಸಬೇಕು, ಏಕೆಂದರೆ ಬೆಂದ ಕೋಸಿನ ವಾಸನೆ ಕೊಡುವ ಗಂಧಕದ ಸಂಯುಕ್ತವೊಂದು ಆವಿಯಾಗಿ ಹೊರಹೋಗಬೇಕು. ಅಂದಮೇಲೆ ಆ ಆವಿ ಕೋಣೆಗೇ ಬರುತ್ತದೆ. ಚಳಿಗಾಲದಲ್ಲಿ ಕಿಟಕಿ ಮುಚ್ಚಿದ ಮನೆಯಲ್ಲಿ ಎರಡು ಲೀಟರ್ ನೀರು ಆವಿಯಾದರೆ ಗಾಜು ಬೆವರುತ್ತದೆ, ಅಷ್ಟೇ. ನಾಲ್ಕೈದು ಲೀಟರಾದರೆ ಗೋಡೆಗೆ ಬೂಸ್ಟು ಹಿಡಿಯಲು ದಾರಿ ಮಾಡಿಕೊಟ್ಟಂತೆ. ಕುದಿದದ್ದನ್ನು ಬೇಗ ತಣಿಸಬೇಕು. ದೊಡ್ಡ ಮೊತ್ತಕ್ಕೆ ತಾಮ್ರದ ಸುರುಳಿ ಕೊಳವೆ, ನಲ್ಲಿಗೆ ಜೋಡಿಸುವ ಪೈಪು, ಹೊರಹೋಗುವ ಬಿಸಿನೀರಿಗೆ ಇನ್ನೊಂದು ಪೈಪು ಎಲ್ಲ ಬೇಕು. ನಾಲ್ಕು ಲೀಟರಿನ ಪಾತ್ರೆಯನ್ನು ಸಿಂಕಿನಲ್ಲಿ ಮಂಜುಗಡ್ಡೆಯ ನೀರಿನೊಳಗೆ ಇಟ್ಟು ಕದಡುತ್ತಿದ್ದರೆ ಸಾಕು. ಕಾಳನ್ನು ಬಟ್ಟೆಯ ಚೀಲದಲ್ಲಿ ಹಾಕಿ ನೆನೆಸಿ, ಚೀಲವನ್ನೇ ಎತ್ತಿ ಹಿಂಡುವ ಕ್ರಮವೊಂದನ್ನು ಆಸ್ಟ್ರೇಲಿಯಾದ ಹವ್ಯಾಸಿಗಳು ಬಳಕೆಗೆ ತಂದಿದ್ದಾರೆ. ಅದರಲ್ಲಿ ಒಂದೇ ಪಾತ್ರೆ ಸಾಲುತ್ತದೆ. ಆದರೆ 19 ಲೀಟರಿಗೆ ಬೇಕಾಗುವ ನಾಲ್ಕೂವರೆ ಕಿಲೋ ಮಾಲ್ಟು ನೀರು ಕುಡಿದು ತೂಗುವಾಗ ಅದನ್ನು ಎತ್ತಲು ಛಾವಣಿಗೆ ರಾಟೆ ಕಟ್ಟುವವರಿದ್ದಾರೆ. ಬಾಡಿಗೆ ಮನೆಯ ಛಾವಣಿಗೆ ಕೊಕ್ಕೆ ಹೊಡೆಯುವ ಧೈರ್ಯ ಎಲ್ಲರಿಗೂ ಇರುವುದಿಲ್ಲ.

ಇದೆಲ್ಲ ಅನುಕೂಲದ ಮಾತಾಯಿತು. ಬಿಯರಿನ ರುಚಿ ನಿಂತಿರುವುದು, ತಣಿದ ವರ್ಟಿಗೆ ಯೀಸ್ಟು ಹಾಕಿದ ಮೇಲೆ ಬರುವ ಹುದುಗಿನ ಮೊದಲ ಮೂರು ದಿನಗಳ ಉಷ್ಣತೆಯ ಮೇಲೆ. ಏಲ್ ಎಂಬ ಬಗೆಯ ಬಿಯರಿನ ಯೀಸ್ಟಿಗೆ 18ರಿಂದ 20 ಡಿಗ್ರಿ ಹಿತ. ಅದಕ್ಕಿಂತ ಬಹಳ ಮೇಲೆ ಹೋದರೆ ಬಾಳೆಹಣ್ಣಿನ ವಾಸನೆ ಅತಿಯಾಗುತ್ತದೆ, ಗಂಟಲು ಸುಡುವ ಭಾರದ ಆಲ್ಕೋಹಾಲುಗಳು ಹುಟ್ಟುತ್ತವೆ. ಚಳಿಗಾಲದಲ್ಲಿ ದೋಸೆ ಹಿಟ್ಟಿನ ಪಾತ್ರೆಯನ್ನು ಒಲೆಯ ಪಕ್ಕಕ್ಕೆ ಸರಿಸುವವರಿಗೆ ಹುದುಗಿಗೂ ಶಾಖಕ್ಕೂ ಇರುವ ನಂಟು ಹೊಸದಲ್ಲ. ಇಲ್ಲಿ ತಾಪತ್ರಯ ತಿರುಗುಮುರುಗು, ಶಾಖವನ್ನು ಇಳಿಸಬೇಕು. ಏಕೆಂದರೆ ಯೀಸ್ಟು ಸಕ್ಕರೆಯನ್ನು ತಿನ್ನುವಾಗ ತಾನೇ ಶಾಖ ಹೊರಡಿಸುತ್ತದೆ. ಶೇಕಡಾ 5ರ ಬಿಯರಿನಲ್ಲಿ ಹುಟ್ಟುವ ಶಾಖ ಒಂದಿಷ್ಟೂ ಹೊರಹೋಗದಿದ್ದರೆ ಅದು ಬಿಯರನ್ನು ಹತ್ತು ಡಿಗ್ರಿಗೂ ಮೇಲೆ ಏರಿಸಬಲ್ಲದು. ನಿಜದಲ್ಲಿ ಬಹುಪಾಲು ಶಾಖ ಜಾಡಿಯ ಮೈಯಿಂದ ಸೋರಿಹೋಗುತ್ತದೆ. ಎಷ್ಟು ಸೋರುತ್ತದೆ ಎಂಬುದನ್ನು ಜಾಡಿಯ ಗಾತ್ರ ತೀರ್ಮಾನಿಸುತ್ತದೆ. ಮೊತ್ತ ಐದರಲ್ಲೊಂದಾದಾಗ ಪ್ರತಿ ಲೀಟರಿಗೆ ಸಿಗುವ ಮೈ 1.7 ಪಟ್ಟು ಹೆಚ್ಚುತ್ತದೆ, ಇದು ಬರಿಯ ರೇಖಾಗಣಿತ. 19 ಲೀಟರಿನ ಬುರುಡೆ ಕೋಣೆಗಿಂತ ಮೂರರಿಂದ ಐದು ಡಿಗ್ರಿ ಬಿಸಿಯಾಗಿ ಕೂತರೆ, ಚಿಕ್ಕ ಜಾಡಿ ಕೋಣೆಯ ಉಷ್ಣತೆಯ ಹತ್ತಿರದಲ್ಲೇ ಇರುತ್ತದೆ. ದೊಡ್ಡ ಮೊತ್ತಕ್ಕೆ ಥರ್ಮೋಸ್ಟಾಟ್ ಜೋಡಿಸಿದ ಪ್ರತ್ಯೇಕ ಫ್ರಿಜ್ ಬೇಕೆನ್ನುವುದು ಇದಕ್ಕೇ. ಚಿಕ್ಕದಕ್ಕೆ ಒಂದು ಬಕೆಟ್ ನೀರು ಸಾಕು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ನ್ಯಾಯವಾದದ್ದೇ. ಬೇಗ ಶಾಖ ಬಿಡುವ ಜಾಡಿ ಬೇಗ ಶಾಖ ಹಿಡಿಯುತ್ತದೆ ಕೂಡ. ಹಗಲಿಗೊಂದು ರಾತ್ರಿಗೊಂದು ಉಷ್ಣತೆ ಇರುವ ಕೋಣೆಯಲ್ಲಿ ಅದು ಏರಿಳಿಯುತ್ತಲೇ ಇರುತ್ತದೆ. ನಿಜ. ಬಕೆಟ್ಟಿನ ಕೆಲಸ ಅದನ್ನು ತಡೆಯುವುದು. ಜಾಡಿಯ ಸುತ್ತ ಹತ್ತು ಲೀಟರ್ ನೀರಿದ್ದರೆ ಕೋಣೆಯ ಏರುಪೇರು ಒಳಗೆ ಮುಟ್ಟುವಷ್ಟರಲ್ಲಿ ಮೊಂಡಾಗಿರುತ್ತದೆ. ಬೇಸಿಗೆಯಲ್ಲಿ ಅದೇ ನೀರಿಗೆ ಬೆಳಿಗ್ಗೆ ಸಂಜೆ ಮಂಜುಗಟ್ಟಿಸಿದ ನೀರಿನ ಬಾಟಲಿಯೊಂದನ್ನು ಇಳಿಬಿಡಬಹುದು. ಜಾಡಿಗೆ ಹಳೆಯ ಅಂಗಿ ಸುತ್ತಿ ಅದರ ಅಂಚು ನೀರಿನಲ್ಲಿ ಮುಳುಗಿರುವಂತೆ ಮಾಡಿದರೆ ನೀರು ಮೇಲೆ ಹೀರಿ ಆವಿಯಾಗುತ್ತ ಇನ್ನೆರಡು ಡಿಗ್ರಿ ಇಳಿಸುತ್ತದೆ. ನ್ಯೂಯಾರ್ಕಿನ ಬಾಡಿಗೆದಾರರಿಗೆ ಕಾನೂನೂ ಜೊತೆಗಿದೆ. ಅಕ್ಟೋಬರ್ 1ರಿಂದ ಮೇ 31ರವರೆಗೆ, ಹೊರಗೆ 55 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕಡಿಮೆ ಇದ್ದಾಗ ಹಗಲಿನಲ್ಲಿ ಮನೆಯೊಳಗೆ ಕನಿಷ್ಠ 68 ಡಿಗ್ರಿ, ರಾತ್ರಿ ಹೊರಗೆ ಎಷ್ಟೇ ಇರಲಿ ಕನಿಷ್ಠ 62 ಡಿಗ್ರಿ ಇರುವಂತೆ ಮನೆ ಮಾಲೀಕ ನೋಡಿಕೊಳ್ಳಬೇಕು. ಸೆಲ್ಸಿಯಸ್ಸಿನಲ್ಲಿ ಅದು 20 ಮತ್ತು ಸುಮಾರು 17. ಏಲ್ ಯೀಸ್ಟನ್ನು ಎದುರಿಗೆ ಕೂರಿಸಿಕೊಂಡು ಬರೆದರೋ ಎನ್ನುವಷ್ಟು ಹೊಂದಿಕೆ! ಹಳೆಯ ಕಟ್ಟಡಗಳ ಉಗಿ ರೇಡಿಯೇಟರುಗಳು ಕೋಣೆಯನ್ನು ಕನಿಷ್ಠಕ್ಕಿಂತ ಎಷ್ಟೋ ಹೆಚ್ಚು ಕಾಯಿಸುತ್ತವೆ ಎಂಬುದು ಬೇರೆ ಮಾತು. ಜಾಡಿ ಅವುಗಳಿಂದ ದೂರವಿರಬೇಕು, ನೆಲದ ಮೇಲಿರಬೇಕು.

ಇನ್ನು ಗಾಳಿಯ ವಿಷಯ. ಒಂದೇ ಕೋಣೆಯಲ್ಲಿ ಮಲಗುವವರಿಗೆ ಹುದುಗಿನಿಂದ ಬರುವ ಇಂಗಾಲದ ಡೈಆಕ್ಸೈಡ್ ಅಪಾಯವಲ್ಲವೇ ಎಂಬ ಹೆದರಿಕೆ ಸಹಜ. ಲೆಕ್ಕ ಹಾಕಿ ನೋಡೋಣ. ಶೇಕಡಾ 5ರ ಬಿಯರಿನ ಪ್ರತಿ ಲೀಟರಿನಲ್ಲಿ ಸುಮಾರು 40 ಗ್ರಾಂ ಆಲ್ಕೋಹಾಲ್ ಇರುತ್ತದೆ. ಅದರ ಜೊತೆಯಲ್ಲಿ ಹುಟ್ಟುವ ಅನಿಲದ ತೂಕವೂ ಹೆಚ್ಚುಕಡಿಮೆ ಅಷ್ಟೇ, ಪರಿಮಾಣದಲ್ಲಿ ಇಪ್ಪತ್ತು ಲೀಟರ್. ಅಂದರೆ 19 ಲೀಟರ್ ಬಿಯರು ಒಂದು ವಾರದುದ್ದಕ್ಕೂ ಬಿಡುವ ಅನಿಲ ಒಟ್ಟು ಮುಕ್ಕಾಲು ಕಿಲೋಕ್ಕೆ ಸ್ವಲ್ಪ ಕಡಿಮೆ. ಒಬ್ಬ ವಯಸ್ಕ ಮನುಷ್ಯ ಒಂದೇ ದಿನದಲ್ಲಿ ಉಸಿರಿನ ಮೂಲಕ ಹೊರಬಿಡುವುದು ಸುಮಾರು ಒಂದು ಕಿಲೋ. ಹಾಗಾಗಿ ಹುದುಗುವ ಜಾಡಿಯ ಪಕ್ಕದಲ್ಲಿ ಮಲಗುವುದಕ್ಕಿಂತ ಗೊರಕೆ ಹೊಡೆಯುವ ಗೆಳೆಯನ ಪಕ್ಕದಲ್ಲಿ ಮಲಗುವುದು ಗಾಳಿಯ ದೃಷ್ಟಿಯಿಂದ ಹೆಚ್ಚಿನ ತೊಂದರೆ. ಜಾಡಿಯ ಬಾಯನ್ನು ಬಿಗಿಯಾಗಿ ಮುಚ್ಚಿದರೆ ಮಾತ್ರ ಅದು ಸಿಡಿಯುತ್ತದೆ. ಅನಿಲ ಹೊರಹೋಗಿ ಗಾಳಿ ಒಳಬಾರದಂತೆ ತಡೆಯುವ ಏರ್‌ಲಾಕ್ ಇರಲೇಬೇಕು. ಮೊದಲ ದಿನಗಳ ನೊರೆಗೆಂದು ಜಾಡಿಯ ಕಾಲುಭಾಗ ಖಾಲಿ ಬಿಡಬೇಕು.

ನಿಜವಾಗಿ ಯೋಚಿಸಬೇಕಾದ ಅಪಾಯ ಕಾದಿರುವುದು ಬಿಯರನ್ನು ಬಡಿಸುವ ಸಲಕರಣೆಯಲ್ಲಿ, ಮತ್ತು ಅದರ ಬಗ್ಗೆ ಯಾರೂ ಹೆದರುವುದಿಲ್ಲ. ಕೆಗ್‌ನಿಂದ ನಲ್ಲಿ ತಿರುಗಿಸಿ ಬಿಯರ್ ಬಡಿಸಬೇಕೆಂದರೆ ಅನಿಲದ ಸಿಲಿಂಡರ್ ಬೇಕು. ಅಮೆರಿಕದ ಹವ್ಯಾಸಿಗಳಲ್ಲಿ ಸಾಮಾನ್ಯವಾದದ್ದು ಐದು ಪೌಂಡಿನದು, ಅಂದರೆ 2.27 ಕಿಲೋ. ಅದರೊಳಗಿನ ಒತ್ತಡ ವಾತಾವರಣದ ಐವತ್ತು ಪಟ್ಟಿಗೂ ಮೀರಿದ್ದು. ಅಷ್ಟೂ ಅನಿಲ ಹೊರಬಂದರೆ 1200 ಲೀಟರಿಗಿಂತ ಹೆಚ್ಚು ಜಾಗ ತುಂಬುತ್ತದೆ. ಹತ್ತಡಿ ಅಗಲ, ಹನ್ನೆರಡಡಿ ಉದ್ದ, ಒಂಬತ್ತಡಿ ಎತ್ತರದ ಕೋಣೆಯ ಗಾಳಿ ಸುಮಾರು 30 ಘನ ಮೀಟರ್. ಕಿಟಕಿ ಬಾಗಿಲು ಮುಚ್ಚಿದ್ದಾಗ ಸಿಲಿಂಡರು ಒಮ್ಮೆಲೇ ಬರಿದಾದರೆ ಆ ಗಾಳಿಯ ಶೇಕಡಾ 4ರಷ್ಟು ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ರಾಷ್ಟ್ರೀಯ ಸಂಸ್ಥೆ ಜೀವಕ್ಕೆ ತಕ್ಷಣದ ಅಪಾಯವೆಂದು ಗುರುತಿಸಿರುವ ಮಟ್ಟ ಸರಿಯಾಗಿ ಶೇಕಡಾ 4. ಅನಿಲ ಗಾಳಿಗಿಂತ ಭಾರವಾದ್ದರಿಂದ ನೆಲದ ಮೇಲೆ ಹಾಸಿಗೆ ಹಾಸಿ ಮಲಗಿದವರಿಗೆ ಇನ್ನೂ ಕೆಟ್ಟದ್ದು. ಇಂಥ ಸೋರಿಕೆ ಅಪರೂಪ ಎನ್ನುತ್ತಾರೆ ಕೆಗ್ ಪ್ರಿಯರು, ಅದೂ ಸರಿಯೇ. ಹೆಚ್ಚಿನ ಸೋರಿಕೆಗಳು ನಿಧಾನವಾಗಿ ದುಡ್ಡು ಕಳೆಯುತ್ತವೆಯೇ ಹೊರತು ಪ್ರಾಣವನ್ನಲ್ಲ. ಆದರೆ ಅದೇ ಸಿಲಿಂಡರ್ ದೊಡ್ಡ ಗ್ಯಾರೇಜಿನಲ್ಲಿದ್ದರೆ ಬರೀ ನಷ್ಟ, ಚಿಕ್ಕ ಕೋಣೆಯಲ್ಲಿದ್ದರೆ ಅಪಘಾತ. ಕೋಣೆ ಚಿಕ್ಕದಾದಷ್ಟೂ ಸಿಲಿಂಡರು ದೊಡ್ಡದಾಗುತ್ತ ಹೋಗುತ್ತದೆ. ನಲ್ಲಿಯ ಬಿಯರೇ ಬೇಕೆನ್ನುವವರಿಗೆ 16 ಗ್ರಾಂ ಅನಿಲದ ಪುಟ್ಟ ಕಾರ್ಟ್ರಿಜ್ಜಿನಿಂದ ನಡೆಯುವ ನಾಲ್ಕೈದು ಲೀಟರಿನ ಕಿರುಕೆಗ್‌ಗಳಿವೆ, ಮನೆಯ ಫ್ರಿಜ್ಜಿನ ತಟ್ಟೆಯಲ್ಲೇ ಕೂರುತ್ತವೆ. ಆ ಕಾರ್ಟ್ರಿಜ್ ಪೂರ್ತಿ ಸೋರಿದರೂ ಒಂಬತ್ತು ಲೀಟರ್ ಅನಿಲ, ಅಷ್ಟೇ.

ನನ್ನ ಮತ ಬಾಟಲಿಯ ಕಡೆಗೆ. 3.8 ಲೀಟರ್ ಬಿಯರಿಗೆ ಹತ್ತು ಬಾಟಲಿ. 19 ಲೀಟರಿಗೆ ಐವತ್ತಕ್ಕೂ ಹೆಚ್ಚು. ಐವತ್ತು ಬಾಟಲಿ ತೊಳೆದು ಒಣಗಿಸಲು ಚಿಕ್ಕ ಅಡುಗೆಮನೆಯಲ್ಲಿ ಕಟ್ಟೆಯೇ ಇರುವುದಿಲ್ಲ. ಬಾಟಲಿಗೆ ತುಂಬುವಾಗ ಅಳೆದ ಸಕ್ಕರೆ ಬೆರೆಸಿ ಮುಚ್ಚಿದರೆ, ಉಳಿದ ಯೀಸ್ಟು ಅದನ್ನು ತಿಂದು ಎರಡು ವಾರದಲ್ಲಿ ಬಿಯರಿಗೆ ಗುಳ್ಳೆ ಕೊಡುತ್ತದೆ. ಲೀಟರಿಗೆ ಸುಮಾರು ಆರು ಗ್ರಾಂ ಸಾಕು. ಚಿಕ್ಕ ಮೊತ್ತದ ನಿಜವಾದ ದೌರ್ಬಲ್ಯ ಇರುವುದು ಇಲ್ಲೇ, ಅದನ್ನು ಮುಚ್ಚಿಡುವುದು ಸರಿಯಲ್ಲ. ಒಂದು ಚಮಚ ಸಕ್ಕರೆ, ನಾಲ್ಕು ಗ್ರಾಂ ಎನ್ನಿ, ಕೈತಪ್ಪಿ ಹೆಚ್ಚಾದರೆ 19 ಲೀಟರಿನಲ್ಲಿ ಅದು ಗೊತ್ತೇ ಆಗುವುದಿಲ್ಲ, 3.8 ಲೀಟರಿನಲ್ಲಿ ಆರು ಗ್ರಾಂ ಇರಬೇಕಾದ ಕಡೆ ಏಳಾಗುತ್ತದೆ. ಇನ್ನೂ ದೊಡ್ಡ ಅಪಾಯ ಹುದುಗು ಮುಗಿಯುವ ಮೊದಲೇ ಬಾಟಲಿ ಮುಚ್ಚುವುದು. ಬಿಯರಿನ ಸಾಂದ್ರತೆ ಇನ್ನೂ 0.004ರಷ್ಟು ಇಳಿಯಲಿಕ್ಕಿದ್ದಾಗಲೇ ಮುಚ್ಚಿದರೆ ಒಳಗಿನ ಅನಿಲ ಹೆಚ್ಚುಕಡಿಮೆ ದುಪ್ಪಟ್ಟಾಗಿ ಗಾಜು ಸಿಡಿಯಬಹುದು. ಸಾಂದ್ರತೆ ಅಳೆಯುವ ಹೈಡ್ರೋಮೀಟರಿಗೆ ಒಮ್ಮೆಗೆ ನೂರು ಮಿಲಿಲೀಟರಿಗಿಂತ ಹೆಚ್ಚು ಬಿಯರ್ ತೆಗೆಯಬೇಕು, ಚಿಕ್ಕ ಜಾಡಿಯಲ್ಲಿ ಮೂರು ಸಲ ಅಳೆದರೆ ಒಂದು ಬಾಟಲಿ ಹೋದಂತೆ. ಹಾಗೆಂದು ಅಳೆಯದೆ ಬಿಡುವವರು ಒಂದು ಬಾಟಲಿ ಉಳಿಸಿ ಹತ್ತನ್ನು ಅಪಾಯಕ್ಕೆ ಒಡ್ಡುತ್ತಾರೆ. ಅಕ್ಕಸಾಲಿಗನ ಮಟ್ಟದ ತಕ್ಕಡಿಯೇನೂ ಬೇಡ, ಗ್ರಾಮಿನ ಹತ್ತನೇ ಒಂದು ಭಾಗ ತೋರಿಸುವ ಅಡುಗೆಯ ಡಿಜಿಟಲ್ ತಕ್ಕಡಿ ಬೇಕು. ಮೂರು ದಿನ ಸಾಂದ್ರತೆ ಕದಲದೆ ನಿಲ್ಲುವವರೆಗೆ ತಾಳ್ಮೆಯೂ ಬೇಕು. ಇನ್ನು ಬಾಟಲಿ ಕಂದು ಗಾಜಿನದೇ ಆಗಿರಲಿ. ಹಾಪ್ಸಿನ ಕಹಿ ಅಂಶ ನೀಲಿ ಬೆಳಕಿಗೆ ಒಡ್ಡಿದಾಗ ರೈಬೋಫ್ಲೇವಿನ್ನಿನ ಸಹಾಯದಿಂದ ಒಡೆದು ಕೆಟ್ಟ ನಾತದ ಗಂಧಕದ ವಸ್ತುವಾಗುತ್ತದೆ. ನೆಲಮಾಳಿಗೆಯಿಲ್ಲದ, ಎಲ್ಲ ಕಡೆಗೂ ಕಿಟಕಿಯ ಬೆಳಕು ಬೀಳುವ ಮನೆಯಲ್ಲಿ ಬಟ್ಟೆಯ ಕಪಾಟೇ ನೆಲಮಾಳಿಗೆ.

ದುಡಿಮೆಯ ಆಕ್ಷೇಪ ಎಲ್ಲಕ್ಕಿಂತ ಗಟ್ಟಿಯಾದದ್ದು. ಮಾಲ್ಟು ನೆನೆಯುವ ಒಂದು ಗಂಟೆ, ಹಾಪ್ಸಿನೊಂದಿಗೆ ಕುದಿಯುವ ಒಂದು ಗಂಟೆ, ಹುದುಗುವ ಎರಡು ವಾರ, ಯಾವುದೂ ಮೊತ್ತದೊಂದಿಗೆ ಕಿರಿದಾಗುವುದಿಲ್ಲ. ಅಷ್ಟೆಲ್ಲ ಮಾಡಿ ಹತ್ತು ಬಾಟಲಿಯೇ ಎಂದು ಕೇಳಿದರೆ, ಬಾಟಲಿಯ ಲೆಕ್ಕದಲ್ಲಿ ನನ್ನ ಬಳಿ ಉತ್ತರವಿಲ್ಲ. ದುಡ್ಡಿನ ಲೆಕ್ಕದಲ್ಲೂ ಚಿಕ್ಕದು ತುಟ್ಟಿಯೇ. ಆದರೆ ಆ ಹೆಚ್ಚಿನ ಬಾಟಲಿಗಳನ್ನು ಕುಡಿಯುವವರು ಯಾರು? ಬ್ರಿಟನ್ನಿನ ಆರೋಗ್ಯ ಇಲಾಖೆಯ 2016ರ ಸಲಹೆಯಂತೆ ವಾರಕ್ಕೆ 14 ಯೂನಿಟ್ ಮೀರಬಾರದು, ಒಂದು ಯೂನಿಟ್ ಎಂದರೆ ಹತ್ತು ಮಿಲಿಲೀಟರ್ ಶುದ್ಧ ಆಲ್ಕೋಹಾಲ್. ಶೇಕಡಾ 5ರ 19 ಲೀಟರ್ ಬಿಯರಿನಲ್ಲಿ 95 ಯೂನಿಟ್‌ಗಳಿವೆ. ಒಬ್ಬರೇ ಇರುವ ಮನೆಯಲ್ಲಿ, ಮಿತಿಯ ಅಂಚಿನವರೆಗೆ ಕುಡಿದರೂ ಅದು ಸುಮಾರು ಏಳು ವಾರಕ್ಕೆ ಬರುತ್ತದೆ. ಹಾಪ್ಸಿನ ಪರಿಮಳವೇ ಜೀವಾಳವಾದ ಬಿಯರುಗಳ ಗಮಲು ಅಷ್ಟು ದಿನ ನಿಲ್ಲುವುದಿಲ್ಲ. ಕೊನೆಯ ಹದಿನೈದು ಬಾಟಲಿಯನ್ನು ಜಾಗ ಖಾಲಿ ಮಾಡಲೆಂದು ಕುಡಿಯಬೇಕಾಗುತ್ತದೆ, ಕುಡಿತಕ್ಕೆ ಅದಕ್ಕಿಂತ ಕೆಟ್ಟ ಕಾರಣ ಇನ್ನೊಂದಿಲ್ಲ. ಗೆಳೆಯರನ್ನು ಕರೆದು ಹಂಚಬಹುದು. ಆದರೆ ಚಿಕ್ಕ ಮನೆಗೆ ಎಷ್ಟು ಜನ ಬರಬಹುದು ಎಂಬುದೂ ಮನೆಯ ಅಳತೆಗೇ ಸೇರಿದ ಪ್ರಶ್ನೆ. 3.8 ಲೀಟರಿನಲ್ಲಿರುವುದು 19 ಯೂನಿಟ್. ಇಬ್ಬರು ಗೆಳೆಯರೊಡನೆ ಹಂಚಿಕೊಂಡರೆ ತಾಜಾ ಇರುವಾಗಲೇ ಮುಗಿಯುತ್ತದೆ, ಮುಂದಿನ ಜಾಡಿಗೆ ಬೇರೆ ಮಾಲ್ಟು, ಬೇರೆ ಹಾಪ್ಸು ಹಾಕಿ ನೋಡಬಹುದು. ಕೈ ಪಳಗುವುದು ಎಷ್ಟು ಲೀಟರ್ ಮಾಡಿದರು ಎಂಬುದರಿಂದಲ್ಲ, ಎಷ್ಟು ಸಲ ಮಾಡಿದರು ಎಂಬುದರಿಂದ.

ಯೀಸ್ಟಿನ ಪೊಟ್ಟಣ ದೊಡ್ಡ ಅಳತೆಗೇ ಬರುತ್ತದಲ್ಲ ಎನ್ನುವವರಿಗೆ ಹೆಚ್ಚು ಹೇಳಬೇಕಿಲ್ಲ: 11.5 ಗ್ರಾಮಿನ ಒಣ ಯೀಸ್ಟಿನಲ್ಲಿ ಮೂರು ಗ್ರಾಂ ಬಳಸಿ, ಉಳಿದದ್ದನ್ನು ಗಾಳಿಯಾಡದಂತೆ ಮುಚ್ಚಿ ಫ್ರಿಜ್ಜಿನಲ್ಲಿಡಿ, ಬೇಗ ಬಳಸಿ ಮುಗಿಸಿ. ಜಾಡಿಯಿಂದ ಜಾಡಿಗೆ ಬದಲಾಯಿಸುವ ಹಳೆಯ ಪದ್ಧತಿಯನ್ನೂ ಚಿಕ್ಕ ಮೊತ್ತದಲ್ಲಿ ಬಿಟ್ಟುಬಿಡುವುದು ಒಳ್ಳೆಯದು. ಪ್ರತಿ ಸಲವೂ ಬಿಯರಿಗೆ ಗಾಳಿ ತಾಗುತ್ತದೆ, ಚಿಕ್ಕ ಮೊತ್ತಕ್ಕೆ ಆ ಗಾಳಿಯ ಪೆಟ್ಟು ಹೆಚ್ಚು.

ಒಂದು ಕಡೆ ಮಾತ್ರ ನನ್ನ ವಾದ ಸೋಲುತ್ತದೆ. ಲಾಗರ್ ಬಗೆಯ ಬಿಯರಿಗೆ ಯೀಸ್ಟು 9ರಿಂದ 13 ಡಿಗ್ರಿಯಲ್ಲಿ ಹುದುಗಬೇಕು, ಆಮೇಲೆ ಹಲವು ವಾರ ಸೊನ್ನೆಯ ಹತ್ತಿರ ತಣ್ಣಗಿರಬೇಕು. ಅದನ್ನು ಬಕೆಟ್ ನೀರಿನಿಂದ ಸಾಧಿಸಲಾಗದು, ಒಂದು ಗ್ಯಾಲನ್ನಾದರೂ ಪ್ರತ್ಯೇಕ ಫ್ರಿಜ್ ಬೇಕು. ಬಿಸಿಯ ದಿಕ್ಕಿನಲ್ಲಿ ದಾರಿ ಇನ್ನೂ ತೆರೆದಿದೆ. ನಾರ್ವೆಯ ಪಶ್ಚಿಮ ಭಾಗದ ರೈತರ ಮನೆಗಳಲ್ಲಿ ತಲೆಮಾರುಗಳಿಂದ ಉಳಿಸಿಕೊಂಡು ಬಂದ ಕ್ವೈಕ್ ಎಂಬ ಯೀಸ್ಟುಗಳು 30ರಿಂದ 40 ಡಿಗ್ರಿಯಲ್ಲೂ ಕೆಟ್ಟ ರುಚಿ ಬಿಡದೆ ಕೆಲವೇ ದಿನಗಳಲ್ಲಿ ಹುದುಗು ಮುಗಿಸುತ್ತವೆ. ಲಾರ್ಸ್ ಮಾರಿಯಸ್ ಗಾರ್ಶೋಲ್ ಎಂಬ ನಾರ್ವೆಯ ಸಂಶೋಧಕರು ಆ ಮನೆಗಳಿಗೆ ಹೋಗಿ ಪದ್ಧತಿಗಳನ್ನು ದಾಖಲಿಸಿದ ಮೇಲೆ ಅವು ಜಗತ್ತಿನ ಹವ್ಯಾಸಿಗಳ ಕೈಗೆ ಬಂದವು. ಜುಲೈ ತಿಂಗಳಲ್ಲಿ ಏರ್ ಕಂಡೀಷನರ್ ಇಲ್ಲದ ಮೇಲಂತಸ್ತಿನ ಕೋಣೆಯಲ್ಲಿ ಬೇಯುತ್ತಿರುವವರಿಗೆ ಅದಕ್ಕಿಂತ ಹೊಂದುವ ಯೀಸ್ಟು ಇಲ್ಲ. ಇಷ್ಟಾದ ಮೇಲೂ ಲಾಗರೇ ಬೇಕು ಎನ್ನುವವರು ಅಂಗಡಿಯಿಂದ ಕೊಂಡು ತರುವುದು ಮೇಲು. ಅದನ್ನು ಅಂಗಡಿಯವರು ಚೆನ್ನಾಗಿಯೇ ಮಾಡುತ್ತಾರೆ.